ಖಾಲಿ ತಕ್ಕಡಿಯ ಮುಳ್ಳು

“ಸಮಾಜಕಾರ್ಯದ ತರಗತಿಯಲ್ಲಿ ‘ಮೊದಲು ನಿನ್ನನ್ನು ನೀನು ಅರಿ’ ಅಂತಾರೆ. ಇದರಲ್ಲಿ ವಿಜ್ಞಾನ ಎಲ್ಲಿದೆ ಸರ್?” ಎಂ.ಎಸ್.ಡಬ್ಲ್ಯೂ. ಓದುತ್ತಿರುವ ಓದುಗರೊಬ್ಬರ ಪ್ರಶ್ನೆ.

ದಿನಸಿ ಅಂಗಡಿಯ ತಕ್ಕಡಿಯಲ್ಲೇ ಇದೆ. ತಟ್ಟೆ ಖಾಲಿ ಇದ್ದಾಗಲೇ ಮುಳ್ಳು 50 ಗ್ರಾಂ ತೋರಿಸುತ್ತಿದ್ದರೆ, ಬೇಳೆಯನ್ನು ಎಷ್ಟು ನಾಜೂಕಾಗಿ ತೂಗಿದರೂ ಲೆಕ್ಕ ತಪ್ಪೇ. ಪ್ರಯೋಗಾಲಯದವರು ಇದನ್ನು ಶೂನ್ಯ ದೋಷ ಎನ್ನುತ್ತಾರೆ. ಪರರ ಕಷ್ಟ ತೂಗಲು ಹೊರಟವರಿಗೆ ತಾವೇ ತಕ್ಕಡಿ. ಹುಟ್ಟಿದ ಜಾತಿ, ಮನೆಮಾತು, ಬೆಳೆದ ಬೀದಿ ಎಲ್ಲವೂ ಮುಳ್ಳನ್ನು ಮೊದಲೇ ಒಂದಿಷ್ಟು ಎಳೆದಿರುತ್ತವೆ. ಫಜೀತಿಯೆಂದರೆ, ಪಕ್ಕದವರ ಮುಳ್ಳು ವಾಲಿದ್ದು ಬೇಗ ಕಾಣುತ್ತದೆ, ನಮ್ಮದು ಕಾಣುವುದಿಲ್ಲ. ಮನೋವಿಜ್ಞಾನಿ ಎಮಿಲಿ ಪ್ರೋನಿನ್ ಮತ್ತು ಸಂಗಡಿಗರು 2002ರಲ್ಲಿ ಅಮೆರಿಕದಲ್ಲಿ ಕೇಳಿ ನೋಡಿದರು. ಸರಾಸರಿ ಅಮೆರಿಕನ್ನರಿಗಿಂತ ತಮ್ಮಲ್ಲಿ ಪಕ್ಷಪಾತ ಕಡಿಮೆ ಎಂಬುದೇ ಹೆಚ್ಚಿನವರ ನಂಬಿಕೆಯಾಗಿತ್ತು!

ಹಾಗಾದರೆ ಬೇರೆ ಸಮುದಾಯಗಳ ರೀತಿನೀತಿ ಕಲಿಸಿದರೆ ಸಾಲದೇ? ಅಮೆರಿಕದ ವೈದ್ಯೆಯರಾದ ಮೆಲನಿ ಟರ್ವಲಾನ್ ಮತ್ತು ಜಾನ್ ಮರ್ರೆ-ಗಾರ್ಸಿಯಾ 1998ರ ಲೇಖನದಲ್ಲಿ ಒಂದು ಪ್ರಸಂಗ ಹೇಳುತ್ತಾರೆ. ಶಸ್ತ್ರಚಿಕಿತ್ಸೆಯಾದ ಲ್ಯಾಟಿನ್ ಅಮೆರಿಕ ಮೂಲದ ಮಹಿಳೆಗೆ ಬಹಳ ನೋವಿದ್ದಂತಿದೆ ಎಂದರು ಒಬ್ಬ ವೈದ್ಯರು. ಅವರೂ ಅದೇ ಮೂಲದವರು. ಆರೈಕೆಯಲ್ಲಿದ್ದ ಕಪ್ಪು ಜನಾಂಗದ ನರ್ಸ್ ಒಪ್ಪಲಿಲ್ಲ. ಈ ಜನ ನೋವನ್ನು ದೊಡ್ಡದು ಮಾಡಿ ಹೇಳುತ್ತಾರೆಂದು ಆಕೆ ಕೋರ್ಸಿನಲ್ಲೇ ಕಲಿತಿದ್ದರು! ಕಲಿತದ್ದೇ ಕಿವಿ ಮುಚ್ಚಿತ್ತು. ‘ನನಗೆ ಗೊತ್ತು’ ಎನ್ನುವ ಬದಲು ಎದುರಿಗಿರುವವರಿಂದ ಕೇಳಿ ತಿಳಿಯುವ, ತನ್ನನ್ನೇ ಮತ್ತೆ ಮತ್ತೆ ಪರೀಕ್ಷಿಸಿಕೊಳ್ಳುವ ಬಗೆಗೆ ಈ ಲೇಖಕಿಯರಿಟ್ಟ ಹೆಸರು ಸಾಂಸ್ಕೃತಿಕ ವಿನಯ. ಸಮಾಜಕಾರ್ಯದವರೂ ಅದನ್ನು ತಮ್ಮದಾಗಿಸಿಕೊಂಡರು.

ಕಂಪ್ಯೂಟರಿನ ಮುಂದೆ ಕೂತು ಹತ್ತು ನಿಮಿಷದಲ್ಲಿ ಒಳಮನಸ್ಸಿನ ಪಕ್ಷಪಾತ ಅಳೆಯುವ ಪರೀಕ್ಷೆಗಳ ಮೇಲೆ ನನಗಂತೂ ಅಷ್ಟು ಭರವಸೆಯಿಲ್ಲ. ಅದೇ ವ್ಯಕ್ತಿ ಇನ್ನೊಮ್ಮೆ ಕೂತರೆ ಅಂಕ ಬೇರೆ ಬರಬಹುದು. 492 ಅಧ್ಯಯನಗಳನ್ನು ಒಟ್ಟುಗೂಡಿಸಿದ 2019ರ ವಿಶ್ಲೇಷಣೆ ಹೇಳಿದ್ದಿಷ್ಟು: ಪಕ್ಷಪಾತ ಬದಲಿಸುವ ಪ್ರಯತ್ನಗಳಿಂದ ಅಂಕ ಸ್ವಲ್ಪ ಬದಲಾದೀತು, ಅದರಿಂದ ನಡತೆ ಬದಲಾದದ್ದು ಕಾಣಲಿಲ್ಲ.

ಅದಕ್ಕಿಂತ ನಿಮ್ಮ ಫೀಲ್ಡ್‌ವರ್ಕ್ ವರದಿಯೇ ಒಳ್ಳೆಯ ಉಪಕರಣ, ಪ್ರಾಮಾಣಿಕವಾಗಿ ಬರೆದರೆ. ಮನೆಭೇಟಿಯಲ್ಲಿ ಕೊಟ್ಟ ನೀರನ್ನು “ಈಗಷ್ಟೇ ಕುಡಿದೆ” ಎಂದು ಬದಿಗಿಟ್ಟರೆ ನಿಮಗದು ಬರೀ ಸಂಕೋಚ. ಮನೆಯವರಿಗೆ ಅದು ಜಾತಿಯ ಲೆಕ್ಕವಾಗಿ ಕಂಡಿರಬಹುದು. ಆಮೇಲೆ ಅವರು ಚುಟುಕಾಗಿ ಉತ್ತರ ಕೊಟ್ಟರೆ ನೀವು ‘ಸಹಕರಿಸಲಿಲ್ಲ’ ಎಂದು ಬರೆದು ಮುಗಿಸುತ್ತೀರಿ. ಮುಂದಿನ ವಾರ ಮೇಲ್ವಿಚಾರಕರ ಮುಂದಿಡುವ ವರದಿಯಲ್ಲಿ ಆ ಲೋಟದ ನೀರನ್ನೂ ಬರೆಯಿರಿ.