ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಬಗೆ

ತಿಳಿನೀರಿನಲ್ಲಿ ಮೀನು ಸುಳಿದಾಡುವುದನ್ನು ನೋಡಿ ಹಿಗ್ಗದ ಮಕ್ಕಳಿಲ್ಲ. ಆದರೆ ಆಸೆಯಿಂದ ಕೊಂಡು ತಂದ ಮೀನು ಹದಿನೈದು ದಿನಗಳೊಳಗೆ ಸತ್ತು ತೇಲುವುದೂ, ಮಗು ಅಳುವುದೂ, “ಅದರ ಆಯುಸ್ಸೇ ಅಷ್ಟು” ಎಂದು ಹಿರಿಯರು ಸಮಾಧಾನ ಹೇಳುವುದೂ ಅನೇಕ ಮನೆಗಳಲ್ಲಿ ನಡೆಯುವ ಸಂಗತಿ. ಆ ಮಾತು ಸರಿಯಲ್ಲ. ಗಪ್ಪಿ ಎಂಬ ಪುಟ್ಟ ಮೀನು ಸುಮಾರು ಎರಡು ವರ್ಷ ಬದುಕಬಲ್ಲುದು; ಚಿನ್ನದ ಮೀನು ಹತ್ತು ವರ್ಷಗಳನ್ನೂ ದಾಟಬಲ್ಲುದು. ಅವು ಬೇಗನೆ ಸಾಯುವುದಕ್ಕೆ ಬಹುಮಟ್ಟಿಗೆ ಕಾರಣ ಸಾಕುವವರ ಅವಸರ. ಆದುದರಿಂದ ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ತಿಳಿದಿರಬೇಕಾದ ಕೆಲವು ವಿಷಯಗಳನ್ನು ಇಲ್ಲಿ ವಿವರಿಸಬಯಸುತ್ತೇವೆ.

ಮೊದಲು ತೊಟ್ಟಿಯ ವಿಚಾರ. ಮೇಜಿನ ಮೇಲಿಡುವ ದುಂಡನೆಯ ಗಾಜಿನ ಬುರುಡೆ ನೋಟಕ್ಕೆ ಚೆನ್ನು, ಮೀನಿಗೆ ಸೆರೆಮನೆ. ಅದರಲ್ಲಿ ನೀರು ಸ್ವಲ್ಪ. ಗಾಳಿ ತಗಲುವ ಮೇಲ್ಮೈ ಇನ್ನೂ ಸ್ವಲ್ಪ. 60 ಸೆಂಟಿಮೀಟರು ಉದ್ದ, 30 ಅಗಲ, 30 ಎತ್ತರದ ತೊಟ್ಟಿ ಹೊಸಬರಿಗೆ ತಕ್ಕುದು. ಇದನ್ನು 25 ಸೆಂಟಿಮೀಟರಿನವರೆಗೆ ತುಂಬಿದರೆ 45 ಲೀಟರು ನೀರು ಹಿಡಿಯುತ್ತದೆ. ನೀರೊಂದೇ 45 ಕಿಲೋಗ್ರಾಂ ತೂಗುವುದರಿಂದ, ಗಾಜು ಮರಳುಗಳ ಭಾರವನ್ನೂ ಸೇರಿಸಿ ತಾಳಬಲ್ಲ ಸಮತಟ್ಟಾದ ಗಟ್ಟಿ ಪೀಠ ಬೇಕು. ಬಿಸಿಲು ನೇರವಾಗಿ ಬೀಳುವ ಕಿಟಕಿಯ ಬಳಿ ಇಡಕೂಡದು. ನೀರು ಕಾಯುತ್ತದೆ, ಪಾಚಿ ಬೆಳೆಯುತ್ತದೆ.

ತಳಕ್ಕೆ ಹಾಕುವ ದಪ್ಪ ಮರಳನ್ನು ಕೆಸರು ಹೋಗುವವರೆಗೆ ತೊಳೆಯಬೇಕು. ಕಲ್ಲಿನ ಮೇಲೆ ನಿಂಬೆರಸದ ಹನಿ ಹಾಕಿ ನೋಡಿರಿ. ನೊರೆಗುಳ್ಳೆ ಎದ್ದರೆ ಅದರಲ್ಲಿ ಸುಣ್ಣವುಂಟೆಂದು ತಿಳಿದು ಬಿಟ್ಟುಬಿಡಬೇಕು. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ ಮುಂತಾದ ನೀರುಗಿಡಗಳನ್ನು ನೆಡಬಹುದು. ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಮೀನು, ನೀರುಗಿಡ, ಬಸವನಹುಳುಗಳನ್ನು ಒಂದೇ ಪಾತ್ರೆಯಲ್ಲಿಟ್ಟು, ಅವು ಒಂದಕ್ಕೊಂದು ಆಸರೆಯಾಗಿ ಬಾಳುವುದನ್ನು 1850ರಲ್ಲಿ ಪ್ರಕಟಿಸಿದನು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮೀನುಮನೆ ತೆರೆಯಿತು.

ಇನ್ನು ನೀರು. ಕೊಯಮತ್ತೂರಿನ ಸಿರುವಾಣಿ ನೀರು ಸವಿಗೂ ಮೃದುತ್ವಕ್ಕೂ ಹೆಸರಾದುದು. ಕೊಳವೆಬಾವಿಯ ನೀರಾದರೋ ಅನೇಕ ಕಡೆ ಗಡಸು. ಶರವಣಂಪಟ್ಟಿಯ ನಮ್ಮ ಮನೆಗಳಲ್ಲಿ ಯಾವ ನೀರು ಬಳಸುತ್ತೇವೋ ಅದನ್ನು ಪರೀಕ್ಷಿಸುವುದು ಸುಲಭ. ಸಾಬೂನು ಚೆನ್ನಾಗಿ ನೊರೆಯಾಗದಿದ್ದರೆ, ಕಾಯಿಸಿದ ಪಾತ್ರೆಯಲ್ಲಿ ಬಿಳಿಯ ಪದರ ಕಟ್ಟಿದರೆ ನೀರು ಗಡಸೆಂದು ತಿಳಿಯಬಹುದು. ಗಪ್ಪಿ, ಮಾಲಿ ಮೀನುಗಳು ಗಡಸು ನೀರಿಗೂ ಒಗ್ಗುತ್ತವೆ. ನಲ್ಲಿಯ ನೀರಿಗೆ ಬೆರೆಸಿದ ಕ್ಲೋರಿನ್ ಮೀನಿನ ಕಿವಿರುಗಳನ್ನು ಸುಡುತ್ತದೆ. ಅಂಥ ನೀರನ್ನು ಅಗಲವಾದ ಪಾತ್ರೆಯಲ್ಲಿ ಒಂದು ದಿನವಾದರೂ ತೆರೆದಿಟ್ಟು ಬಳಸತಕ್ಕದ್ದು.

ಎಲ್ಲಕ್ಕಿಂತ ಮುಖ್ಯವಾದ ಮಾತು ಈಗ ಬರುತ್ತದೆ. ನೀರು ತಿಳಿಯಾಗಿ ಕಂಡರೂ ಅದರಲ್ಲಿ ವಿಷವಿರಬಹುದು. ಮೀನಿನ ಕಿವಿರಿನಿಂದಲೂ ಮಲದಿಂದಲೂ ಕೊಳೆತ ಆಹಾರದಿಂದಲೂ ಅಮೋನಿಯಾ ಹುಟ್ಟುತ್ತದೆ. ಕೆಲವು ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ, ಇದೂ ವಿಷವೇ. ಬೇರೆ ಸೂಕ್ಷ್ಮಜೀವಿಗಳು ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಇದರ ಬಾಧೆ ಬಹಳ ಕಡಿಮೆ. ಇಂಥ ಸೂಕ್ಷ್ಮಜೀವಿಗಳನ್ನು ರಷ್ಯದ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದನು. ಹೊಸ ತೊಟ್ಟಿಯಲ್ಲಿ ಇವು ನೆಲೆಗೊಳ್ಳಲು ಮೂರರಿಂದ ಆರು ವಾರ ಬೇಕು. ಅದುವರೆಗೆ ಶೋಧಕವನ್ನು ಓಡಿಸುತ್ತ, ದಿನವೂ ಒಂದು ಚಿಟಿಕೆ ಮೀನಿನ ಆಹಾರವನ್ನು ಹಾಕುತ್ತಿರಬೇಕು. ಹಳೆಯ ತೊಟ್ಟಿಯೊಂದರ ಶೋಧಕದ ಸ್ಪಂಜಿನ ತುಂಡು ದೊರೆತರೆ ಅದು ಹಾಲಿಗೆ ಹೆಪ್ಪು ಹಾಕಿದಂತೆ ಕೆಲಸ ಮಾಡುತ್ತದೆ. ಅಮೋನಿಯಾ, ನೈಟ್ರೈಟ್‌ಗಳನ್ನು ಅಳೆಯುವ ಪರೀಕ್ಷಾ ಸಾಮಗ್ರಿ ಮೀನಿನ ಅಂಗಡಿಗಳಲ್ಲಿ ದೊರೆಯುತ್ತದೆ. ಎರಡೂ ಸೊನ್ನೆಗೆ ಇಳಿದಮೇಲೆ ಮೀನು ತರಬಹುದು. ಹಾಸು ಅಣಿಯಾಗದೆ ಹೊಕ್ಕು ಹಾಕಲಾಗದೆಂಬುದು ಮಗ್ಗದ ಮನೆಯವರಿಗೆ ಹೊಸ ಮಾತಲ್ಲ. ನೀರು ಅಣಿಯಾಗದೆ ಮೀನು ಬಿಡಲಾಗದು.

ಮೊದಲಿಗೆ ಮೂರು ನಾಲ್ಕು ಮೀನು ಸಾಕು. ಕೆಲವು ವಾರಗಳ ಮೇಲೆ ಇನ್ನು ಮೂರು ನಾಲ್ಕನ್ನು ಸೇರಿಸಬಹುದು. ಗಪ್ಪಿಗಳು ಸುಮಾರು ತಿಂಗಳಿಗೊಮ್ಮೆ ಮರಿ ಹಾಕುವುದರಿಂದ ಗಂಡುಗಳನ್ನೇ ಸಾಕುವುದು ಲೇಸು. ಫೈಟರ್ ಗಂಡುಗಳೆರಡನ್ನು ಒಂದೆಡೆ ಬಿಟ್ಟರೆ ಕಾದಾಡಿ ಸಾಯುತ್ತವೆ. ಚಿನ್ನದ ಮೀನು ಗೇಣುದ್ದ ಬೆಳೆಯುವುದರಿಂದ ಈ ತೊಟ್ಟಿ ಅದಕ್ಕೆ ಸಾಲದು. ತಂದ ಚೀಲವನ್ನು ಕಾಲು ಗಂಟೆ ತೊಟ್ಟಿಯಲ್ಲಿ ತೇಲಿಬಿಟ್ಟು, ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಚೀಲಕ್ಕೆ ಬೆರೆಸಿ, ಬಲೆಯಿಂದ ಮೀನನ್ನಷ್ಟೇ ಒಳಗೆ ಬಿಡಬೇಕು.

ಆಹಾರದಲ್ಲಿ ಮಿತವೇ ಹಿತ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನು ದಿನಕ್ಕೆ ಒಂದೆರಡು ಸಲ ಹಾಕಿದರೆ ಸಾಕು. ಅನ್ನ, ರೊಟ್ಟಿಚೂರು ಬೇಡ. ಮನೆಯಲ್ಲಿ ನಾಲ್ವರಿದ್ದು ನಾಲ್ವರೂ ಪ್ರೀತಿಯಿಂದ ಹಾಕಿದರೆ ಆ ಪ್ರೀತಿಯೇ ಮೀನಿಗೆ ಮುಳುವು. ಈ ಕೆಲಸವನ್ನು ಒಬ್ಬ ಮಗುವಿಗೇ ವಹಿಸಿ, ಹಿರಿಯರು ಮೇಲ್ವಿಚಾರಣೆ ನೋಡುವುದು ಉತ್ತಮ.

ವಾರಕ್ಕೊಮ್ಮೆ ಐದರಲ್ಲಿ ಒಂದು ಪಾಲು, ಎಂದರೆ 9 ಲೀಟರು ನೀರನ್ನು ತೆಗೆದು ಅಷ್ಟೇ ಹೊಸ ನೀರು ತುಂಬಬೇಕು. ಇಡೀ ತೊಟ್ಟಿಯನ್ನು ಬರಿದುಮಾಡಿ ಉಜ್ಜಿ ತೊಳೆಯುವ ಪದ್ಧತಿ ತಪ್ಪು. ಉಪಕಾರಿ ಜೀವಿಗಳು ಅದರಿಂದ ನಾಶವಾಗುತ್ತವೆ. ಅದೇ ಕಾರಣಕ್ಕಾಗಿ ಶೋಧಕದ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯದೆ, ತೆಗೆದ ನೀರಿನಲ್ಲಿಯೇ ಹಿಂಡಬೇಕು. ಆ ನೀರನ್ನು ಚೆಲ್ಲದೆ ಹೂಗಿಡಗಳಿಗೆ ಹಾಕಿರಿ. ನೈಟ್ರೇಟ್ ಗಿಡಕ್ಕೆ ಗೊಬ್ಬರ. ತೊಟ್ಟಿಗೆ ಕೈಯಿಡುವ ಮೊದಲು ವಿದ್ಯುತ್ ಸಂಪರ್ಕವನ್ನು ತಪ್ಪದೆ ತೆಗೆಯಬೇಕು.

ಬೇಸಗೆಯಲ್ಲಿ ವಿಶೇಷ ಎಚ್ಚರ ಬೇಕು. 20 ಡಿಗ್ರಿ ಉಷ್ಣದ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟರೆ, 30 ಡಿಗ್ರಿಯ ನೀರು ಹಿಡಿಯುವುದು ಸುಮಾರು ಏಳೂವರೆ ಮಾತ್ರ. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಉಸಿರು ಸಾಲದೆಂದು ತಿಳಿಯಬೇಕು. ವಿದ್ಯುತ್ ನಿಂತಾಗ ಲೋಟದಿಂದ ನೀರನ್ನು ಎತ್ತಿ ಎತ್ತಿ ಹೊಯ್ದರೆ ಗಾಳಿ ಬೆರೆಯುತ್ತದೆ.

ಕೊನೆಯದಾಗಿ ಒಂದು ವಿನಂತಿ. ಸಾಕಲಾಗದ ಮೀನನ್ನು “ಪಾಪ, ಬದುಕಿಕೊಳ್ಳಲಿ” ಎಂದು ಕೆರೆಗೆ ಬಿಡುವವರುಂಟು. ಇದು ದಯೆಯಂತೆ ಕಂಡರೂ ದಯೆಯಲ್ಲ. ತೊಟ್ಟಿಯ ಪಾಚಿ ತಿನ್ನಲೆಂದು ತರುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ದಕ್ಷಿಣ ಭಾರತದ ಅನೇಕ ಕೆರೆ ಹೊಳೆಗಳಲ್ಲಿ ಹೀಗೆಯೇ ಸೇರಿ, ನಾಡಮೀನುಗಳಿಗೆ ಕಂಟಕವಾಗಿ, ಮೀನುಗಾರರ ಬಲೆಗಳನ್ನು ಹರಿಯುತ್ತಿದೆ. ಉಕ್ಕಡಂ, ಸಿಂಗಾನಲ್ಲೂರು ಮೊದಲಾದ ನಮ್ಮ ಕೆರೆಗಳು ನೊಯ್ಯಲ್ ನದಿಗೆ ಸೇರಿದವು. ನೊಯ್ಯಲ್ ಕಾವೇರಿಯನ್ನು ಕೂಡುತ್ತದೆ. ಒಂದು ಕೆರೆಗೆ ಬಿಟ್ಟ ಮೀನು ಆ ಕೆರೆಯಲ್ಲಿಯೇ ನಿಲ್ಲುವುದೆಂಬ ಭರವಸೆಯಿಲ್ಲ. ಬೇಡವಾದ ಮೀನನ್ನು ಅಂಗಡಿಗೆ ಹಿಂದಿರುಗಿಸಿರಿ, ಇಲ್ಲವೆ ಸಾಕಬಲ್ಲ ಗೆಳೆಯರಿಗೆ ಕೊಡಿರಿ. ಕೊಳ್ಳುವ ಮೊದಲೇ ಅದು ಎಷ್ಟು ಬೆಳೆಯುವುದೆಂದು ಕೇಳಿ ತಿಳಿದರೆ ಈ ಚಿಂತೆಯೇ ಇರದು.