ಎರಡನೆಯ ಈಡಿನ ಭರವಸೆ

"ಮೊದಲೇ ನಳಿಗೆ ನೋಡಬೇಡಿ. ಇದನ್ನು ನೋಡಿ" ಎಂದು ಅಜ್ಜ ಕೋವಿಯ ಬೋಲ್ಟನ್ನು ಹೊರಗೆಳೆದು ನನ್ನ ಅಂಗೈ ಮೇಲಿಟ್ಟರು. ದಕ್ಷಿಣ ಕೊಡಗಿನ ಕಾಫಿ ತೋಟದ ಮನೆ. ಮಳೆ ಆಗಷ್ಟೇ ಬಿಟ್ಟಿತ್ತು. ಎಂಬತ್ತು ದಾಟಿದ ಅವರು ನನ್ನ ಗೆಳೆಯನ ತಾಯಿಯ ತಂದೆ. ಬೀರುವಿನಿಂದ ತೆಗೆದ ಆ ರೈಫಲ್ಲು ಅವರ ತಂದೆಯ ಕಾಲದ್ದು: .375 ಮ್ಯಾಗ್ನಮ್, ಲಂಡನ್ನಿನಲ್ಲಿ ಕಟ್ಟಿದ್ದು. ಆದರೆ ಅದರ ಹೊಟ್ಟೆಯಲ್ಲಿರುವ ಆಕ್ಷನ್ ಜರ್ಮನಿಯದು.

ಬೋಲ್ಟು ನಾನೆಣಿಸಿದ್ದಕ್ಕಿಂತ ಭಾರವಾಗಿತ್ತು. ಅದರ ಮಗ್ಗುಲಿಗೆ ಬೆರಳಿಗಿಂತ ಉದ್ದದ ಉಕ್ಕಿನ ಪಟ್ಟಿಯೊಂದು ಅಂಟಿಕೊಂಡಿತ್ತು, ಪಟ್ಟಿಯ ತುದಿಯಲ್ಲಿ ಹದ್ದಿನ ಉಗುರಿನಂಥ ಕೊಕ್ಕೆ. "ಆನೆ ಎದುರು ನಿಂತಾಗ ನಮ್ಮ ಜೀವ ಇರುವುದು ಈ ಉಗುರಿನಲ್ಲಿ" ಎಂದರು ಅಜ್ಜ.

ತೇಜಸ್ವಿಯವರ ಅನುವಾದಗಳನ್ನು ಓದಿ ಬೆಳೆದ ನನ್ನಂಥವರಿಗೆ ಜಿಮ್ ಕಾರ್ಬೆಟ್, ಕೆನೆತ್ ಆಂಡರ್ಸನ್ ಮನೆಯವರಷ್ಟೇ ಪರಿಚಿತರು. ಅವರ ಕೈಯಲ್ಲಿದ್ದ ಕೋವಿಗಳನ್ನು ಮಾತ್ರ ನಾವು ಅಷ್ಟಾಗಿ ಗಮನಿಸಲಿಲ್ಲ. ಆಂಡರ್ಸನ್ ಅವರದು .405 ವಿಂಚೆಸ್ಟರ್, ಕೆಳಗಿನ ಲಿವರ್ ಎಳೆದು ತೋಟಾ ತುಂಬುವಂಥದ್ದು. ಚಂಪಾವತ್‌ನ ನರಭಕ್ಷಕ ಹೆಣ್ಣುಹುಲಿಯನ್ನು 1907ರಲ್ಲಿ ಹೊಡೆದದ್ದಕ್ಕೆ ಕಾರ್ಬೆಟ್‌ಗೆ ಬಹುಮಾನವಾಗಿ ಬಂದದ್ದು .275 ರಿಗ್ಬಿ. 1926ರಲ್ಲಿ ರುದ್ರಪ್ರಯಾಗದ ಚಿರತೆ ಬಿದ್ದದ್ದೂ ಅದರ ಗುಂಡಿಗೇ. ರಿಗ್ಬಿ ಲಂಡನ್ನಿನ ಹೆಸರಾದರೂ ಆ ಕೋವಿಯ ಒಳಗಿನ ಯಂತ್ರ ಜರ್ಮನಿಯ ಮೌಸರ್ ಕಾರ್ಖಾನೆಯದು.

ಆಕ್ಷನ್ ಅಂದರೆ ಇಷ್ಟು: ನಳಿಗೆಯ ಹಿಂತುದಿ ತಿರುಪಿನಿಂದ ಕೂರುವ ಉಕ್ಕಿನ ಗೂಡು, ಅದರೊಳಗೆ ಹಿಂದೆಮುಂದೆ ಜಾರುವ ಬೋಲ್ಟು, ಕೆಳಗೆ ತೋಟಾ ಪೆಟ್ಟಿಗೆ ಮತ್ತು ಟ್ರಿಗರ್. ದೊಡ್ಡ ಬೇಟೆಯ ರೈಫಲ್ಲನ್ನು ಹೇಳಿ ಮಾಡಿಸುವಾಗ ನಳಿಗೆಯನ್ನು ಬದಲಿಸಬಹುದು, ವಾಲ್‌ನಟ್ ಮರದ ಹಿಡಿಯನ್ನು ಮತ್ತೆ ಕೆತ್ತಿಸಬಹುದು. ಆಕ್ಷನ್ ತಪ್ಪಾಗಿ ಆರಿಸಿದರೆ ಮಾತ್ರ ಮಿಕ್ಕ ಕೆಲಸವೆಲ್ಲ ಆ ತಪ್ಪಿಗೆ ತೇಪೆ ಹಾಕುವುದರಲ್ಲೇ ಕಳೆದುಹೋಗುತ್ತದೆ.

ಮೊದಲ ಈಡಿಗೆ ಯಾವ ಕೋವಿಯೂ ಆದೀತು. ತೋಟಾ ಆಗಲೇ ನಳಿಗೆಯಲ್ಲಿ ಕೂತಿರುತ್ತದೆ. ಗಾಯಗೊಂಡ ಕಾಡೆಮ್ಮೆ ಹುಲ್ಲು ಸೀಳಿಕೊಂಡು ಬರುವಾಗ ಖಾಲಿ ಕೇಸು ಹೊರಬಿದ್ದು ಎರಡನೆಯ ತೋಟಾ ಒಳಸೇರಬೇಕು. ಆಗ ಕೈ ನಡುಗುತ್ತಿರುತ್ತದೆ, ಬೋಲ್ಟನ್ನು ಪೂರ್ತಿ ಹಿಂದಕ್ಕೆ ಎಳೆದೆವೋ ಇಲ್ಲವೋ ಎಂಬುದೂ ನೆನಪಿರುವುದಿಲ್ಲ. ಪೌಲ್ ಮೌಸರ್ 1898ರಲ್ಲಿ ಜರ್ಮನ್ ಸೈನ್ಯಕ್ಕೆ ಕೊಟ್ಟ ಆಕ್ಷನ್ನಿನ ಹೆಚ್ಚುಗಾರಿಕೆ ಇರುವುದು ಇಲ್ಲಿ. ತೋಟಾ ಪೆಟ್ಟಿಗೆಯಿಂದ ಮೇಲೇಳುವಾಗಲೇ ಅದರ ಬುಡದ ಅಂಚು ಉಗುರಿನಡಿಗೆ ಜಾರಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಬೋಲ್ಟು ಎಲ್ಲಿಗೋ ತೋಟಾ ಅಲ್ಲಿಗೆ. ಅರ್ಧಕ್ಕೆ ನೂಕಿ ಹಿಂದಕ್ಕೆ ಎಳೆದರೂ ತೋಟಾ ಜೊತೆಗೇ ಬರುತ್ತದೆ. ಬೇರೆ ಬಗೆಯ ಆಕ್ಷನ್ನುಗಳಲ್ಲಿ ಬೋಲ್ಟು ತೋಟಾವನ್ನು ಬರಿದೇ ಮುಂದಕ್ಕೆ ತಳ್ಳುತ್ತದೆ, ಉಗುರು ಅದನ್ನು ಹಿಡಿಯುವುದು ಬೋಲ್ಟು ಪೂರ್ತಿ ಮುಚ್ಚಿದಾಗ. ಗಾಬರಿಯಲ್ಲಿ ಅರ್ಧ ನೂಕಿ ಮತ್ತೆ ಎಳೆದರೆ ಎರಡು ತೋಟಾ ಒಂದರ ಬೆನ್ನಿಗೊಂದು ಸಿಕ್ಕಿಕೊಳ್ಳುತ್ತವೆ. ಗುರಿ ಅಭ್ಯಾಸದ ಮೈದಾನದಲ್ಲಾದರೆ ನಗಬಹುದು, ಕಾಡಿನಲ್ಲಿ ಅದೇ ಕೊನೆ.

ಸೈನ್ಯದ ಮೌಸರ್ ತಯಾರಾದದ್ದು ಸುಮಾರು 82 ಮಿ.ಮೀ. ಉದ್ದದ ತೋಟಾಕ್ಕೆ. ಆಫ್ರಿಕಾ, ಇಂಡಿಯಾಗಳ ದೊಡ್ಡ ಬೇಟೆಗೆ ಹೊರಟವರಿಗೆ ಅದು ಸಾಲಲಿಲ್ಲ. ಸೆಕೆಯ ನಾಡುಗಳಲ್ಲಿ ಕಾರ್ಡೈಟ್ ಮದ್ದಿನದೊಂದು ಕಾಟವಿತ್ತು. ಬಿಸಿಲಿಗೆ ಕಾದರೆ ಅದರ ಒತ್ತಡ ಏರುತ್ತದೆ, ಹಿತ್ತಾಳೆಯ ಕೇಸು ಉಬ್ಬಿ ನಳಿಗೆಯಲ್ಲೇ ಕಚ್ಚಿಕೊಳ್ಳುತ್ತದೆ. ಉಪಾಯವೆಂದರೆ ದೊಡ್ಡ ಹೊಟ್ಟೆಯ ಕೇಸಿನಲ್ಲಿ ಮದ್ದನ್ನು ಸಡಿಲವಾಗಿ ಇಟ್ಟು ಕಡಿಮೆ ಒತ್ತಡದಲ್ಲೇ ಕೆಲಸ ತೆಗೆಯುವುದು. 1911ರ .416 ರಿಗ್ಬಿ ಹುಟ್ಟಿದ್ದು ಈ ಲೆಕ್ಕದಿಂದಲೇ. 26 ಗ್ರಾಂ ಮೀರಿದ ಗುಂಡು ಸೆಕೆಂಡಿಗೆ 700 ಮೀಟರಿಗೂ ಹೆಚ್ಚು ವೇಗದಲ್ಲಿ ಹೋಗುತ್ತದೆ. ಇಡೀ ತೋಟಾದ ಉದ್ದ 95 ಮಿ.ಮೀ. ಮರುವರ್ಷ ಬಂದ .375 ಹಾಲೆಂಡ್ ಅಂಡ್ ಹಾಲೆಂಡ್ 91 ಮಿ.ಮೀ. ಅಷ್ಟು ಹೊತ್ತಿಗಾಗಲೇ ರಿಗ್ಬಿಯವರು ಮೌಸರ್‌ಗೆ ಹೇಳಿ ಉದ್ದನೆಯ ಮ್ಯಾಗ್ನಮ್ ಆಕ್ಷನ್ ಮಾಡಿಸಿಕೊಂಡಿದ್ದರು. ಜೋಡುನಳಿಗೆ ರೈಫಲ್ಲಿನ ಬೆಲೆ ಕೈಗೆಟುಕದ ಬೇಟೆಗಾರರೂ ಕಾಫಿ ಪ್ಲಾಂಟರುಗಳೂ ಈ ಬೋಲ್ಟ್ ರೈಫಲ್ಲನ್ನು ನಂಬಿದರು.

ಉದ್ದದಷ್ಟೇ ಮುಖ್ಯವಾದದ್ದು ಅಗಲ. ಇದು ನನಗೆ ತುಂಬ ಇಷ್ಟವಾದ ಸಂಗತಿ, ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. ಪೆಟ್ಟಿಗೆಯಲ್ಲಿ ತೋಟಾಗಳು ಎಡಕ್ಕೊಂದು ಬಲಕ್ಕೊಂದು ಕೂರುತ್ತವೆ. ಮೂರು ತೋಟಾಗಳ ಬುಡವನ್ನು ಹಿಂದಿನಿಂದ ನೋಡಿದರೆ ಅವುಗಳ ನಡುಬಿಂದುಗಳು ಸಮಬಾಹು ತ್ರಿಕೋನವಾಗಬೇಕು, ಮೌಸರ್‌ ಪೆಟ್ಟಿಗೆಯ ಲೆಕ್ಕ ಅದು. ಹಾಗಾಗಬೇಕಾದರೆ ಪೆಟ್ಟಿಗೆಯ ಹಿಂಬದಿ ಅಗಲ ತೋಟಾದ ದಪ್ಪದ 1.866 ಪಟ್ಟು ಇರಬೇಕು. 12 ಮಿ.ಮೀ. ದಪ್ಪದ ಸೈನ್ಯದ ತೋಟಾಕ್ಕೆ ಸುಮಾರು 22 ಮಿ.ಮೀ. ಸಾಕು, 15 ಮಿ.ಮೀ. ದಪ್ಪದ .416ಕ್ಕೆ 28 ಬೇಕು. ಅಗಲ ಕಡಿಮೆಯಾದರೆ ತೋಟಾಗಳು ಒಂದರ ಮೇಲೊಂದು ನೆಟ್ಟಗೆ ನಿಂತು ಬಿಗಿಯುತ್ತವೆ, ಹೆಚ್ಚಾದರೆ ಪಕ್ಕಕ್ಕೆ ಹರಡಿ ಕೂತು ಮೇಲೆ ಏಳುವುದೇ ಇಲ್ಲ. ಆದ್ದರಿಂದ ಒಂದು ತೋಟಾಕ್ಕೆ ಮಾಡಿದ ಪೆಟ್ಟಿಗೆ ಇನ್ನೊಂದಕ್ಕೆ ಹೊಂದುವುದು ಅಪರೂಪ.

ಅಗ್ಗಕ್ಕೆ ಸಿಗುವ ಹಳೆಯ ಸೈನ್ಯದ ಆಕ್ಷನ್ನಿಗೆ ದೊಡ್ಡ ತೋಟಾ ತುರುಕುವ ಆಸೆ ಎಲ್ಲ ಕಾಲದಲ್ಲೂ ಇತ್ತು. ಅದಕ್ಕೆ ಪೆಟ್ಟಿಗೆಯನ್ನು ಉದ್ದ ಮಾಡಬೇಕು. ಹಿಂದಕ್ಕೆ ಜಾಗವಿಲ್ಲದೆ ಮುಂದಕ್ಕೆ ಅರೆಯುತ್ತಾರೆ. ಅಲ್ಲಿ ತೋಟಾ ಏರಿಹೋಗುವ ಇಳಿಜಾರು ಇದೆ. ಬೋಲ್ಟಿನ ಕೆಳಗಿನ ಬೀಗದ ಹಲ್ಲು ಈಡಿನ ಹೊಡೆತವನ್ನು ತಾಳಿಕೊಳ್ಳುವುದು ಆ ಇಳಿಜಾರಿನ ಬೆನ್ನಿಗಿರುವ ಉಕ್ಕಿಗೆ ಆತುಕೊಂಡೇ. ಅರೆದಷ್ಟೂ ಆ ಆಸರೆ ತೆಳುವಾಗುತ್ತದೆ. ಬೋಲ್ಟಿನ ಮುಖದಲ್ಲೂ ಇದೇ ಕಥೆ. 17.8 ಮಿ.ಮೀ. ದಪ್ಪದ ಬೋಲ್ಟಿನಲ್ಲಿ 12 ಮಿ.ಮೀ. ಬುಡಕ್ಕೆ ಕೊರೆದ ಗುಳಿಯ ಸುತ್ತ ಸುಮಾರು 3 ಮಿ.ಮೀ. ಅಂಚು ಉಳಿದಿರುತ್ತದೆ. ಅದನ್ನು 15ಕ್ಕೆ ಹಿಗ್ಗಿಸಿದರೆ ಉಳಿಯುವುದು ಒಂದೂವರೆ ಮಿ.ಮೀ.ಗೂ ಕಡಿಮೆ. ಮೇಲಾಗಿ ಹಳೆಯ ಮೌಸರ್ ಗೂಡಿನ ಉಕ್ಕು ಒಳಗೆ ಮೆದು, ಹೊರಪದರ ಮಾತ್ರ ಗಟ್ಟಿ. ಆ ಪದರ ತೆಳುವಾಗಿದ್ದರೆ ಈಡು ಈಡಿಗೂ ಬೀಗದ ಹಲ್ಲು ಗೂಡಿನ ಉಕ್ಕನ್ನು ಒತ್ತಿ ಕುಳಿ ಮಾಡುತ್ತದೆ.

ನುರಿತ ಕೈಗೆ ಇದು ಸಾಧ್ಯವಿಲ್ಲವೆಂದಲ್ಲ. ಕೀನ್ಯಾದ ಬೇಟೆಗಾರ ಹ್ಯಾರಿ ಸೆಲ್ಬಿ ತಮ್ಮ ಜೋಡುನಳಿಗೆ ರೈಫಲ್ಲು ವಾಹನದ ಚಕ್ರಕ್ಕೆ ಸಿಕ್ಕಿ ಹಾಳಾದಾಗ ಕೊಂಡ .416 ರಿಗ್ಬಿ, ಮಾಮೂಲಿ ಉದ್ದದ ಮೌಸರ್ ಮೇಲೆಯೇ ಕಟ್ಟಿದ್ದು. ರಾಬರ್ಟ್ ರುವಾರ್ಕ್ 1953ರ ಪುಸ್ತಕದಲ್ಲಿ ಸೆಲ್ಬಿಯ ಬೇಟೆಯನ್ನು ಬರೆದ ಮೇಲೆ ಆ ತೋಟಾದ ಹೆಸರು ಅಮೆರಿಕದಲ್ಲೂ ಹಬ್ಬಿತು. ಆದರೂ ಹಾಗೆ ಅರೆಯುವವನಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿರಬೇಕು. ಹೊಸದಾಗಿ ಮಾಡಿಸುವವರು ಆ ದಾರಿ ಹಿಡಿಯಬಾರದೆಂದೇ ನನ್ನ ಅಭಿಪ್ರಾಯ.

ಬೇರೆ ದಾರಿಗಳಿವೆ. ಮೊದಲನೆಯ ಮಹಾಯುದ್ಧದ ಎನ್‌ಫೀಲ್ಡ್ ಪಿ-14 ಮತ್ತು ಅದರ ಅಮೆರಿಕನ್ ಜೋಡಿ ಎಂ-1917ರ ಮೂಲ ವಿನ್ಯಾಸ .276ರ ದೊಡ್ಡ ತೋಟಾಕ್ಕೆಂದು ಆದದ್ದು, ಅದಕ್ಕೇ ಗೂಡು ಉದ್ದ, ಮೈ ಗಟ್ಟಿ. ಕಾಸಿಗೆ ತಕ್ಕ ದೊಡ್ಡ ರೈಫಲ್ಲು ಕಟ್ಟಿದವರು ತುಂಬ ಜನ ಇದರಿಂದಲೇ ಕಟ್ಟಿದರು. ಹಿಂಬದಿಯ ಕಿವಿಗಳಂಥ ಗುರಿಗಟ್ಟನ್ನು ಅರೆದು ತೆಗೆಯುವುದು ಮಾತ್ರ ಬೇಸರದ ಕೆಲಸ. 1936ರ ವಿಂಚೆಸ್ಟರ್ ಮಾಡೆಲ್ 70ರಲ್ಲೂ ಮೌಸರಿನ ಉಗುರಿತ್ತು. 1964ರಲ್ಲಿ ಖರ್ಚು ಉಳಿಸಲು ಅದನ್ನು ಬಿಟ್ಟರು, ಬೇಟೆಗಾರರು ಮುನಿಸಿಕೊಂಡರು, 1990ರ ದಶಕದಲ್ಲಿ ಉಗುರು ಮರಳಿತು. ಚೆಕ್ ದೇಶದ ಬ್ರನೋ 602 ಮತ್ತು ಅದರ ನಂತರದ ಸಿಝಡ್ 550 ಮ್ಯಾಗ್ನಮ್ ಹುಟ್ಟಿನಿಂದಲೇ ಉದ್ದ. ನಯ ಸ್ವಲ್ಪ ಕಡಿಮೆ, ನಂಬಿಕೆಗೆ ಕೊರತೆಯಿಲ್ಲ. 550ರ ತಯಾರಿಕೆ ನಿಂತುಹೋದದ್ದು ಈ ಕಸುಬಿಗೆ ನಷ್ಟವೇ. ರಿಗ್ಬಿ ಮತ್ತು ಮೌಸರ್ ಎರಡೂ ಈಗ ಒಂದೇ ಒಡೆತನದಲ್ಲಿವೆ, ಹಳೆಯ ಮ್ಯಾಗ್ನಮ್ ಆಕ್ಷನ್ ಮತ್ತೆ ಜರ್ಮನಿಯಿಂದ ಲಂಡನ್ನಿಗೆ ಹೋಗುತ್ತಿದೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಂದಿಗೆ ಬೇಟೆ ಮುಗಿಯಿತು, ಮುಗಿದದ್ದು ಒಳ್ಳೆಯದೇ ಆಯಿತು. ಅಜ್ಜನೂ ಹಾಗೇ ಹೇಳುತ್ತಾರೆ. ಅವರ ರೈಫಲ್ಲು ಈಗ ವರ್ಷಕ್ಕೊಮ್ಮೆ ಕೈಲ್ ಮುಹೂರ್ತದ ದಿನ ಒರೆಸಿಕೊಂಡು, ತೋಕ್ ಹೂವು ಮುಡಿದು ಪೂಜೆಗೆ ಕೂರುತ್ತದೆ. ಆದರೂ ಬೋಲ್ಟಿಗೆ ತಿಂಗಳಿಗೊಮ್ಮೆ ಎಣ್ಣೆ ತಪ್ಪುವುದಿಲ್ಲ.

ಹೊರಡುವ ಮೊದಲು ಮದ್ದಿಲ್ಲದ ಡಮ್ಮಿ ತೋಟಾ ಮೂರನ್ನು ಅವರು ಪೆಟ್ಟಿಗೆಗೆ ಒತ್ತಿದರು. ಬೋಲ್ಟನ್ನು ಮೊದಲು ಬಾಣಂತಿ ನಡೆದಂತೆ ಮೆಲ್ಲಗೆ ನೂಕಿದರು, ಆಮೇಲೆ ಸಿಟ್ಟು ಬಂದವರ ಹಾಗೆ ರಪ್ಪನೆ. ಎರಡು ಸಲವೂ ತೋಟಾ ಬೆಣ್ಣೆಯಲ್ಲಿ ಜಾರಿದಂತೆ ಒಳಹೋಗಿ, ಟಣ್ಣನೆ ಹೊರಹಾರಿ ಚಾಪೆಯ ಮೇಲೆ ಬಿತ್ತು. ಮೂರನೆಯದಕ್ಕೆ ರೈಫಲ್ಲನ್ನೇ ತಲೆಕೆಳಗು ಮಾಡಿ ಬೋಲ್ಟನ್ನು ಅರ್ಧ ನೂಕಿ ನಿಲ್ಲಿಸಿದರು. ತೋಟಾದ ಮುಂದಿನ ತುದಿ ನಳಿಗೆಯ ಬಾಯಿಗಿನ್ನೂ ಪೂರ್ತಿ ಸೇರಿರಲಿಲ್ಲ. ಬುಡವನ್ನು ಮಾತ್ರ ಉಗುರು ಕಚ್ಚಿ ಹಿಡಿದಿತ್ತು. ನಾನು ಬೀಳುತ್ತದೆಂದು ಕೈ ಒಡ್ಡಿದೆ.

"ಬೀಳುವುದಿಲ್ಲ, ಕೈ ತೆಗೀರಿ" ಎಂದರು ಅಜ್ಜ. ಬೀಳಲಿಲ್ಲ.