‘ಅದು’ ಬಂತು, ಜನ ಕೊಳ್ಳಲಿಲ್ಲ



ಹೊಸ ಯಂತ್ರವೊಂದು ಊರಿಗೆ ಬಂದಾಗ ಕೈಕಟ್ಟಿಕೊಂಡು ದೂರ ನಿಂತು ನೋಡುವವರನ್ನು ನಾವು ಅಧಿಕಾರಿಗಳು ‘ಹಿಂದುಳಿದವರು’ ಎಂದು ಬಗೆಯುವುದುಂಟು. ಇಲಾಖೆಗೆ ಸೇರಿದ ಹೊಸದರಲ್ಲಿ ನಾನೂ ಹಾಗೆಯೇ ತಿಳಿದಿದ್ದೆ. ಈ ವಾರ ಬೆಳೆಯ ಮಾತನ್ನು ಬದಿಗಿಟ್ಟು ಅಮೆರಿಕದ ಒಂದು ವಾಹನದ ಕಥೆಯನ್ನು ತಮ್ಮ ಮುಂದಿಡುತ್ತೇನೆ. ನಮ್ಮ ಹಳ್ಳಿಗಳಲ್ಲೂ ಈಗ ಬ್ಯಾಟರಿ ಸ್ಕೂಟರಿನ ಮಾತು ನಡೆದಿರುವುದರಿಂದ ಇದು ತಮಗೆ ಉಪಯೋಗಕ್ಕೆ ಬಂದೀತು.

2001ರ ಜನವರಿಯಲ್ಲಿ ಆ ದೇಶದಲ್ಲಿ ಒಂದು ಸುದ್ದಿ ಹಬ್ಬಿತು. ಡೀನ್ ಕೇಮನ್ ಎಂಬ ಸಂಶೋಧಕರು ಗುಟ್ಟಾಗಿ ಏನನ್ನೋ ತಯಾರಿಸುತ್ತಿದ್ದಾರೆ, ಅದರ ಬಗೆಗಿನ ಪುಸ್ತಕಕ್ಕೆ ಪ್ರಕಾಶಕರು ಎರಡೂವರೆ ಲಕ್ಷ ಡಾಲರ್ ಕೊಡಲು ಒಪ್ಪಿದ್ದಾರೆ, ಆದರೆ ವಸ್ತು ಏನೆಂದು ಮಾತ್ರ ಯಾರೂ ಬಾಯಿ ಬಿಡುತ್ತಿಲ್ಲ ಎಂದು. ಒಳಗಿನವರು ಅದನ್ನು ‘ಜಿಂಜರ್’ ಎಂದು ಕರೆಯುತ್ತಿದ್ದರು. (ಶುಂಠಿ ಬೆಳೆಗಾರರು ಹಿಗ್ಗುವುದು ಬೇಡ, ಅದು ಹಳೆಯ ಸಿನಿಮಾ ನರ್ತಕಿಯೊಬ್ಬಳ ಹೆಸರು.) ಹೊರಗಿನವರಿಗೆ ಅದು ಬರೀ ‘ಅದು’.

ಕೇಮನ್ ಬೂಟಾಟಿಕೆಯ ಮನುಷ್ಯರಲ್ಲ. ಸಕ್ಕರೆ ಕಾಯಿಲೆಯವರು ಮೈಮೇಲೆ ಧರಿಸಿ ಓಡಾಡಬಹುದಾದ ಇನ್ಸುಲಿನ್ ಪಂಪು, ಮೆಟ್ಟಿಲು ಹತ್ತುವ ಗಾಲಿಕುರ್ಚಿ ಇವೆಲ್ಲ ಅವರ ಕೆಲಸವೇ. ಹಾಗಾಗಿ ದೊಡ್ಡವರೂ ನಂಬಿದರು. ಜನ ಇದನ್ನು ಕಂಡರೆ ಇದಕ್ಕೆ ತಕ್ಕಂತೆ ನಗರಗಳನ್ನೇ ಕಟ್ಟಿಯಾರು ಎಂಬರ್ಥದಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಹೇಳಿದರೆಂದು ವರದಿಯಾಯಿತು. ಅದೇ ಜಾಬ್ಸ್ ಮುಚ್ಚಿದ ಬಾಗಿಲೊಳಗಿನ ಸಭೆಯಲ್ಲಿ ಅದರ ರೂಪವನ್ನು ಹಿಗ್ಗಾಮುಗ್ಗಾ ಟೀಕಿಸಿದ್ದರೆಂಬುದು ಆಮೇಲೆ ಹೊರಬಂದ ವಿಷಯ.

2001ರ ಡಿಸೆಂಬರ್ 3ರಂದು ನ್ಯೂಯಾರ್ಕಿನಲ್ಲಿ, ಟಿ.ವಿ.ಯ ಬೆಳಗಿನ ಕಾರ್ಯಕ್ರಮದಲ್ಲಿ ಮುಸುಕು ತೆಗೆದರು. ಹೆಸರು ಸೆಗ್ವೇ. ಬಂಡಿಯಂತೆ ಅಕ್ಕಪಕ್ಕ ಎರಡು ಗಾಲಿ, ನಡುವೆ ನಿಲ್ಲಲು ಹಲಗೆ, ಹಿಡಿಯಲು ಒಂದು ಕಂಬ. ಮುಂದಕ್ಕೆ ಬಾಗಿದರೆ ಮುಂದೆ ಹೋಗುತ್ತದೆ, ಹಿಂದಕ್ಕೆ ಬಾಗಿದರೆ ನಿಲ್ಲುತ್ತದೆ. ಕೈಬ್ರೇಕೂ ಇಲ್ಲ, ಕಾಲುಬ್ರೇಕೂ ಇಲ್ಲ. ಮೈ ವಾಲಿದ್ದನ್ನು ಗೈರೋಸ್ಕೋಪುಗಳು ಕ್ಷಣಮಾತ್ರದಲ್ಲಿ ಅರಿತು ಮೋಟಾರಿಗೆ ತಿಳಿಸುತ್ತವೆ. ಯಂತ್ರವಿದ್ಯೆಯ ದೃಷ್ಟಿಯಿಂದ ಸೊಗಸಾದ ಕೆಲಸವೆಂದೇ ಹೇಳಬೇಕು. ವೇಗ ಗಂಟೆಗೆ ಸುಮಾರು 20 ಕಿಲೋಮೀಟರ್, ತೂಕ ಸುಮಾರು 38 ಕಿಲೋ, ಬೆಲೆ ಸುಮಾರು 5,000 ಡಾಲರ್. ಅಂದಿನ ಲೆಕ್ಕದಲ್ಲಿ ನಮ್ಮ ಎರಡು ಲಕ್ಷ ರೂಪಾಯಿಗೂ ಮೇಲೆ. ಕುದುರೆ ಗಾಡಿಗೆ ಕಾರು ಏನಾಯಿತೋ ಕಾರಿಗೆ ಇದು ಅದಾಗುತ್ತದೆ ಎಂದು ಕೇಮನ್ ಸಾರಿದರು.

ಜನರ ಮೊದಲ ಮಾತು “ಇಷ್ಟೇನಾ?” ಎಂಬುದಾಗಿತ್ತು. ಆಮೇಲೆ ಪ್ರಶ್ನೆಗಳು ಬಂದವು. ಇದು ಓಡಬೇಕಾದದ್ದು ಕಾಲುದಾರಿಯಲ್ಲೋ, ಕಾರು ಓಡುವ ರಸ್ತೆಯಲ್ಲೋ? ಕಾಲುದಾರಿಯಲ್ಲಾದರೆ ಮುದುಕರು, ಮಕ್ಕಳು ಎಲ್ಲಿ ನಡೆಯಬೇಕು? ಮಳೆ ಬಂದರೆ? ದಾರಿಯಲ್ಲಿ ಬ್ಯಾಟರಿ ಮುಗಿದರೆ 38 ಕಿಲೋ ಭಾರವನ್ನು ಯಾರು ಎತ್ತಬೇಕು? ಸಂತೆ ಸಾಮಾನಿನ ಚೀಲ ಎಲ್ಲಿಡಬೇಕು? ಇಷ್ಟು ಹಣಕ್ಕೆ ಹಳೆಯ ಕಾರೇ ಬರುವಾಗ ಇದೇಕೆ? ಪಂಡಿತರು ಇವನ್ನು ಹೊಸದಕ್ಕೆ ಹೆದರುವವರ ಮಾತು ಎಂದರು. ಆದರೆ ಗಮನಿಸಿ, ಇದರಲ್ಲಿ ಒಂದಾದರೂ ಅಡ್ಡಪ್ರಶ್ನೆಯಿದೆಯೇ? ಯಂತ್ರವು ಜನರ ಕೈಗೆ ತಲುಪುವ ಮೊದಲೇ, 2002ರ ಕೊನೆಗೆ, ಸ್ಯಾನ್ ಫ್ರಾನ್ಸಿಸ್ಕೋ ನಗರದವರು ತಮ್ಮ ಕಾಲುದಾರಿಗಳಲ್ಲಿ ಅದನ್ನು ನಿಷೇಧಿಸಿದರು.

ತಿಂಗಳಿಗೆ 40,000 ಯಂತ್ರ ಮಾಡಬಲ್ಲ ಕಾರ್ಖಾನೆ ಕಟ್ಟಿದ್ದರು. 2003ರ ಸೆಪ್ಟೆಂಬರ್ ಹೊತ್ತಿಗೆ ಮಾರಾಟವಾದದ್ದು ಸುಮಾರು 6,000. ಅಷ್ಟನ್ನೂ ದುರಸ್ತಿಗಾಗಿ ಹಿಂದಕ್ಕೆ ಕರೆಯಬೇಕಾಯಿತು. ಬ್ಯಾಟರಿ ಇಳಿದಾಗ ಸವಾರರು ಬೀಳುತ್ತಿದ್ದರು. 2020ರಲ್ಲಿ ತಯಾರಿಕೆ ನಿಂತಿತು. ಸುಮಾರು 18 ವರ್ಷಗಳಲ್ಲಿ ಮಾರಿದ್ದು ಸುಮಾರು 1 ಲಕ್ಷ 40 ಸಾವಿರ. ಆ ಕಾರ್ಖಾನೆ ಪೂರ್ತಿ ದುಡಿದಿದ್ದರೆ ಮೂರೂವರೆ ತಿಂಗಳ ಕೆಲಸ! ಕೊಂಡವರಲ್ಲಿ ಬಹಳಷ್ಟು ಜನ ಪೊಲೀಸರು, ಕಾವಲುಗಾರರು, ಪ್ರವಾಸಿಗರನ್ನು ಸುತ್ತಾಡಿಸುವವರು.

ತಪ್ಪಿದ್ದೆಲ್ಲಿ? ನನ್ನ ಮಟ್ಟಿಗೆ ತಪ್ಪು ಆ ಗುಟ್ಟಿನಲ್ಲಿದೆ. ನಮ್ಮಲ್ಲಿ ಹೊಸ ತಳಿಯೊಂದು ಸಂಶೋಧನಾ ಕೇಂದ್ರದಲ್ಲಿ ಗೆದ್ದರೆ ಸಾಲದು. ಹಲವು ಕಡೆ ಬೆಳೆದು ನೋಡಿ, ರೈತರ ಹೊಲದಲ್ಲೂ ಬೆಳೆದು ನೋಡಿ, ಅನಂತರವೇ ಶಿಫಾರಸು. ಇಲ್ಲಿ ಬೆಲೆ, ಕಾರ್ಖಾನೆ, ಪ್ರಚಾರ ಎಲ್ಲವೂ ಮೊದಲು ಸಿದ್ಧವಾದವು, ದಿನವೂ ಅದರಲ್ಲಿ ಓಡಾಡಬೇಕಾದ ಮನುಷ್ಯನ ಸರದಿ ಕೊನೆಗೆ ಬಂತು.

ಒಮ್ಮೆ ಎರೆ ಭೂಮಿಯ ಊರಿನಲ್ಲಿ ಟ್ರ್ಯಾಕ್ಟರ್ ಕೂರಿಗೆಯ ಪ್ರಾತ್ಯಕ್ಷಿಕೆ ಏರ್ಪಡಿಸಿದ್ದೆ. ಹಿರಿಯರೊಬ್ಬರು, “ಸಾಹೇಬ್ರ, ನೆಲ ಹಸಿ ಇದ್ದಾಗ ಬೀಜದ ಕೊಳವಿ ಮುಚ್ಚಿಕೊಳ್ಳಂಗಿಲ್ಲೇನು?” ಎಂದು ಕೇಳಿದರು. “ಮೊದಲು ನೋಡ್ರಿ ಯಜಮಾನ್ರ, ಆಮೇಲೆ ಮಾತಾಡ್ರಿ” ಎಂದುಬಿಟ್ಟೆ. ಎರಡನೆಯ ಸುತ್ತಿಗೆ ಮೂರು ಕೊಳವೆ ಮಣ್ಣು ಮೆತ್ತಿ ಮುಚ್ಚಿದ್ದವು. ಅವರು ನಗಲಿಲ್ಲ. ಕಡ್ಡಿಯೊಂದನ್ನು ಹುಡುಕಿ ತಂದುಕೊಟ್ಟರು.

ಹಾಗೆಂದು ಅನುಮಾನಪಟ್ಟವರೆಲ್ಲ ಎಂದೆಂದಿಗೂ ಸರಿ ಎನ್ನಲಾರೆ. ಇಂಗ್ಲೆಂಡಿನಲ್ಲಿ ಸರ್ ಕ್ಲೈವ್ ಸಿಂಕ್ಲೇರ್ ಎಂಬುವರು 1985ರ ಜನವರಿಯಲ್ಲಿ ಸಿ-5 ಎಂಬ ಮೂರು ಗಾಲಿಯ ಬ್ಯಾಟರಿ ವಾಹನವನ್ನು 399 ಪೌಂಡಿಗೆ ಹೊರತಂದರು. ಸವಾರ ನೆಲಮಟ್ಟದಲ್ಲಿ ಕೂರಬೇಕಿತ್ತು. ಲಾರಿಯವರ ಕಣ್ಣಿಗೆ ಬೀಳುತ್ತೇವೆಯೇ ಎಂದು ಜನ ಹೆದರಿದರು; ಮೇಲಾಗಿ ಅಲ್ಲಿನ ಚಳಿಗಾಲ. ಅದೇ ವರ್ಷ ಕಂಪನಿ ಮುಳುಗಿತು. ಆದರೆ ಬ್ಯಾಟರಿ ವಾಹನ ಅಲ್ಲಿಗೆ ಮುಗಿಯಲಿಲ್ಲ. ಇಂದು ಬ್ಯಾಟರಿ ಸೈಕಲ್ಲು, ಸ್ಕೂಟರು ಎಷ್ಟೋ ದೇಶಗಳಲ್ಲಿ ಓಡುತ್ತಿವೆ. ಜನ ಬೇಡವೆಂದದ್ದು ಆ ಗಾಡಿಯನ್ನು, ಬ್ಯಾಟರಿಯನ್ನಲ್ಲ.

ತಾವು ಬ್ಯಾಟರಿ ಸ್ಕೂಟರು ಕೊಳ್ಳುವ ಯೋಚನೆಯಲ್ಲಿದ್ದರೆ ಮೊದಲು ಬ್ಯಾಟರಿಯ ವಿಷಯ ಕೇಳಿ. ಗ್ಯಾರಂಟಿ ಎಷ್ಟು ವರ್ಷ, ಎಷ್ಟು ಕಿಲೋಮೀಟರ್, ಅವಧಿ ಮುಗಿದ ಮೇಲೆ ಹೊಸ ಬ್ಯಾಟರಿಗೆ ಏನು ಬೆಲೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ, ಬಾಯಿಮಾತು ಬೇಡ. ರಿಪೇರಿ ಮಾಡುವವರು ತಾಲ್ಲೂಕು ಕೇಂದ್ರದಲ್ಲಿ ಇದ್ದಾರೆಯೇ ಅಥವಾ ಜಿಲ್ಲೆಗೇ ಹೊತ್ತೊಯ್ಯಬೇಕೇ? ಚಾರ್ಜು ಮಾಡುವ ಜಾಗದಲ್ಲಿ ಅರ್ಥಿಂಗ್ ಸರಿಯಿರಬೇಕು, ದನದ ಕೊಟ್ಟಿಗೆಯ ಒದ್ದೆ ಗೋಡೆ ತಕ್ಕುದಲ್ಲ. ಕಂಪನಿಯವರು ಹೇಳುವ ದೂರ ಪರೀಕ್ಷೆಯ ಸ್ಥಿತಿಯದು. ತಮ್ಮದು ಏರು ದಾರಿ, ಹಿಂದೆ ಇಬ್ಬರು ಅಥವಾ ಎರಡು ಹಾಲಿನ ಕ್ಯಾನು. ಆ ಕ್ಯಾನು ಕಟ್ಟಿಕೊಂಡೇ ಡೇರಿಯವರೆಗೆ ಒಂದು ಸಲ ಓಡಿಸಿ ನೋಡಲು ಅಂಗಡಿಯವರು ಒಪ್ಪುತ್ತಾರೆಯೇ ಎಂದು, ಮುಂಗಡ ಹಣ ಕೊಡುವ ಮುಂಚೆ ಕೇಳಿ ನೋಡಿ.